ತೂಕದ ಮಾತು

ಜಕ್ಕೂರಿನಲ್ಲಿ ವಿಮಾನ ನಡೆಸಲು ಕಲಿತ ನನ್ನ ಹಳೆಯ ಶಿಷ್ಯ, ಗೆಳೆಯನೊಂದಿಗೆ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದಿದ್ದ. ಕಾಫಿ ಹೀರುತ್ತಾ ಇಬ್ಬರದೂ ಒಂದೇ ತಮಾಷೆ: ಪುಟ್ಟ ವಿಮಾನದಲ್ಲಿ ಪ್ರಣಯ!

"ಸೆಸ್ನಾ 152ರಲ್ಲಿ ಎರಡೇ ಸೀಟು ಸಾರ್, ಭುಜಕ್ಕೆ ಭುಜ. ಆದರೆ ಎಂಜಿನ್ ಸದ್ದಿಗೆ ಪಿಸುಮಾತು ಕೇಳದು. ತಪ್ಪಿ ರೇಡಿಯೋ ಗುಂಡಿ ಒತ್ತಿದರೆ ಟವರಿನವರಿಗೂ ಕೇಳುತ್ತೆ!"

"ಮೊದಲು ಹುಡುಗಿಯ ತೂಕ ಕೇಳಬೇಕಲ್ಲ!" ಎಂದ ಗೆಳೆಯ. ಏರುವಾಗ ಇಂಧನವೂ ಸೇರಿ ಒಟ್ಟು 757 ಕಿಲೋ ಮೀರುವಂತಿಲ್ಲ.

ಒಳಗಿನಿಂದ ನನ್ನಾಕೆ, "ಅವರಾದರೂ ಕೇಳ್ತಾರೆ. ನೀವು 30 ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ" ಎಂದಳು.

"ಎಷ್ಟೇ?" ಎಂದೆ, ನಗುತ್ತಲೇ.

"46. ದಸರೆಯಲ್ಲಿ 52 ಇತ್ತು."

ನಗು ನಿಂತಿತು. ಮರುದಿನವೇ ಡಾಕ್ಟರ ಬಳಿ ಕರೆದೊಯ್ದೆ. ಸಕ್ಕರೆ ಕಾಯಿಲೆ ಎಂದರು.

ಈಗ ಪ್ರತಿ ಭಾನುವಾರ ತೂಕ ಕೇಳುತ್ತೇನೆ. ಅವಳು ನಾಚುತ್ತಾಳೆ.