ನಾಳೆಗೆ ನೆನೆಹಾಕಿದ ಕಾಳು

ಪಾಸ್ತಾ ಅಂದ ಕೂಡಲೇ ನಮ್ಮ ಕ್ಯಾಂಪಸ್‌ನಲ್ಲಿ ಕೇಳೋದು ಒಂದೇ ಪ್ರಶ್ನೆ: ಕೆಂಪು ಸಾಸಾ, ಬಿಳಿ ಸಾಸಾ? ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಇಟಲಿಯ ಟೂರಿನ್‌ಗೆ ಹೋಗುವ ತನಕ ನನಗೆ ಗೊತ್ತಿದ್ದದ್ದೂ ಅಷ್ಟೇ. ಅಲ್ಲಿ ಕಲಿತು ಬಂದದ್ದು ಎರಡೂ ಅಲ್ಲದ ಅಡುಗೆ, ಪಾಸ್ತಾ ಎ ಫಜೋಲಿ. ಅಂದ್ರೆ ಪಾಸ್ತಾ ಮತ್ತು ಬೀನ್ಸ್ ಕಾಳು. ನಮ್ಮ ಅನ್ನ-ಸಾರಿನ ಹಾಗೆ ಹೆಸರಲ್ಲೇ ಎಲ್ಲ ಹೇಳಿಬಿಡುವ ಬಡವರ ಊಟ.

ಟೂರಿನ್‌ನಲ್ಲಿ ಮೊದಲ ಮೂರು ವಾರ ನಾನಿದ್ದದ್ದು ಒಲೆಯೇ ಇಲ್ಲದ ಒಂದು ರೂಮಿನಲ್ಲಿ. ಬ್ರೆಡ್ಡು, ಬಾಳೆಹಣ್ಣು, ಮತ್ತೆ ಬ್ರೆಡ್ಡು. ದಿನಾ ಸಂಜೆ ಮನೆ ಹುಡುಕಾಟ. ಫೋನಿನಲ್ಲಿ "ಖಾಲಿ ಇದೆ ಬನ್ನಿ" ಅಂದವರು ಹೆಸರು ಕೇಳಿದ ಮೇಲೆ "ಈಗಷ್ಟೇ ಯಾರೋ ತಗೊಂಡ್ರು" ಅನ್ನೋರು. ಆರು ಸಲ ಹೀಗಾಯ್ತು. ಕೊನೆಗೆ ಕ್ಲಾಸ್‌ಮೇಟ್ ಒಬ್ಬ ತನ್ನ ಫ್ಲಾಟಿನಲ್ಲಿ ಒಂದು ಕೋಣೆ ಕೊಟ್ಟ. ಅವನ ಅಜ್ಜಿಯ ಮನೆ ಪಕ್ಕದ ಬೀದಿಯಲ್ಲೇ. ನಾನು ಸೇರಿದ ಮೊದಲ ಶನಿವಾರ ರಾತ್ರಿ ಅವರು ಬಂದು, ಒಂದು ಪಾತ್ರೆ ಕೇಳಿ ಕಾಲು ಕೆಜಿ ಒಣ ಬಿಳಿ ಬೀನ್ಸ್ ನೆನೆಹಾಕಿ, ಒಂದು ಚಮಚ ಉಪ್ಪು ಸುರಿದು ಹೊರಟುಹೋದರು.

ಕಾಳು ನೆನೆಸುವಾಗ ಉಪ್ಪು ಯಾಕೆ? ಫಸ್ಟ್ ಇಯರ್ ಕೆಮಿಸ್ಟ್ರಿಯ ಅಯಾನ್ ಎಕ್ಸ್‌ಚೇಂಜ್ ನೆನಪಿಸಿಕೊಳ್ಳಿ. ಕಾಳಿನ ಸಿಪ್ಪೆಯ ಪೆಕ್ಟಿನ್ ಅನ್ನು ಗಟ್ಟಿಯಾಗಿ ಹಿಡಿದಿಟ್ಟಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂರುತ್ತೆ, ಸಿಪ್ಪೆ ಮೆತ್ತಗಾಗುತ್ತೆ. ಅಜ್ಜಿಗೆ ಈ ಸಮೀಕರಣ ಬೇಕಾಗಿಲ್ಲ. ಅವರಮ್ಮ ಹಾಕುತ್ತಿದ್ದರು, ಅವರೂ ಹಾಕ್ತಾರೆ.

ಮರುದಿನ ಆ ನೀರು ಬಸಿದು, ಹೊಸ ನೀರಲ್ಲಿ ಕಾಳು ಬೇಯಿಸಿದರು. ಇನ್ನೊಂದು ಪಾತ್ರೆಯಲ್ಲಿ ಆಲಿವ್ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ. ನಮ್ಮ ಒಗ್ಗರಣೆಯಂತೆ ಚಟಪಟ ಸದ್ದಿಲ್ಲ, ಸಣ್ಣ ಉರಿಯಲ್ಲಿ ಕಾಲು ಗಂಟೆ ಬಾಡಬೇಕು. ಕಾಳು ಪೂರ್ತಿ ಬೆಂದ ಮೇಲೆಯೇ ಟೊಮ್ಯಾಟೊ, ಯಾಕಂದ್ರೆ ಹುಳಿ ಮೊದಲೇ ಬಿದ್ದರೆ ಕಾಳು ಬೇಯಲ್ಲ. ಮೂರರಲ್ಲಿ ಒಂದು ಪಾಲು ಕಾಳನ್ನು ಮಸೊಪ್ಪಿಗೆ ಮಸೆದ ಹಾಗೆ ಮಸೆದು ವಾಪಸ್ ಹಾಕಬೇಕು. ಆಮೇಲೆ ಪಾಸ್ತಾ. ಅದೂ ಡಬ್ಬಿಗಳ ತಳದಲ್ಲಿ ಉಳಿದ ಐದಾರು ಬಗೆಯ ಚೂರುಪಾರು. ನೇಪಲ್ಸ್ ಕಡೆ ಹೀಗೇ ಬೆರೆಸಿ ಹಾಕೋದು. ಪಾಸ್ತಾವನ್ನು ಅದೇ ಪಾತ್ರೆಯಲ್ಲಿ ಬೇಯಿಸೋದರಿಂದ ಅದರ ಗಂಜಿ ಅಲ್ಲೇ ಉಳಿದು, ಇಳಿಸುವಾಗ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಹತ್ತು ನಿಮಿಷ ಮುಚ್ಚಿಟ್ಟು ತಿನ್ನಬೇಕು.

ಆ ಹತ್ತು ನಿಮಿಷದಲ್ಲಿ ಅಜ್ಜಿ ತಮ್ಮ ಕಥೆ ಹೇಳಿದರು, ಮೊಮ್ಮಗ ಇಂಗ್ಲಿಷಿಗೆ ತಿರುಗಿಸಿದ. 1960ರ ದಶಕದಲ್ಲಿ ಅವರು ಗಂಡನ ಜೊತೆ ನೇಪಲ್ಸ್ ಹತ್ತಿರದ ಹಳ್ಳಿಯಿಂದ ಟೂರಿನ್‌ಗೆ ಬಂದವರು. ಗಂಡನಿಗೆ ಫಿಯಟ್ ಕಾರ್ಖಾನೆಯಲ್ಲಿ ಕೆಲಸ. ಆ ಕಾಲದಲ್ಲಿ ದಕ್ಷಿಣ ಇಟಲಿಯಿಂದ ಲಕ್ಷಾಂತರ ಜನ ಉತ್ತರದ ಕಾರ್ಖಾನೆಗಳಿಗೆ ಬಂದಿದ್ದರು. ಕೆಲಸ ಸಿಗೋದು, ಮನೆ ಸಿಗ್ತಿರಲಿಲ್ಲ. "ದಕ್ಷಿಣದವರಿಗೆ ಬಾಡಿಗೆಗೆ ಇಲ್ಲ" ಅಂತ ಬೋರ್ಡೇ ನೇತುಹಾಕುತ್ತಿದ್ದರಂತೆ. ಅದೇ ದೇಶ, ಅದೇ ಪಾಸ್‌ಪೋರ್ಟ್. ಆದರೂ.

"ಮೊದಲ ವರ್ಷ ನಾಲ್ಕು ಕಡೆ ಇದ್ವಿ, ಒಂದು ಸಲಾನೂ ಕಾಳು ನೆನೆಹಾಕಿಲ್ಲ. ಬೆಳಗ್ಗೆ ಒಲೆ ಇರುತ್ತೆ ಅಂತ ಗೊತ್ತಿದ್ರೆ ತಾನೇ ರಾತ್ರಿ ನೆನೆಹಾಕೋದು?" ಅಂದರು ಅಜ್ಜಿ. ನನ್ನ ಆರು ಫೋನ್ ಕರೆಗಳ ಬಗ್ಗೆ ಮೊಮ್ಮಗ ಅವರಿಗೆ ಹೇಳಿದ್ದ ಅನ್ನೋದು ನನಗೆ ಆಗ ಹೊಳೀತು.

ತಮಾಷೆ ಅಂದ್ರೆ ಈ 'ಸಾಂಪ್ರದಾಯಿಕ' ಅಡುಗೆಯ ಬೀನ್ಸೂ ಇಟಲಿಯದ್ದಲ್ಲ, ಟೊಮ್ಯಾಟೊನೂ ಅಲ್ಲ. 1492ರಲ್ಲಿ ಕೊಲಂಬಸ್ ಹೋದಮೇಲೆ ಅಮೆರಿಕದಿಂದ ಬಂದವು. ಅದಕ್ಕೂ ಮುಂಚೆ ಅಲ್ಲಿ ತಿನ್ನುತ್ತಿದ್ದ ಬೀನ್ಸ್ ನಮ್ಮ ಅಲಸಂದೆಯ ಜಾತಿಯದ್ದು, ಅದರ ಮೂಲ ಆಫ್ರಿಕಾ. ಬಂದವರೆಲ್ಲ ಸೇರಿ ಬೆಂದದ್ದನ್ನೇ ಈಗ ಊರಿನವರು "ನಮ್ಮದು" ಅಂತಾರೆ.

ವಾಪಸ್ ಬಂದ ಮೇಲೆ ನಾನಿದನ್ನು ಅಲಸಂದೆಯಲ್ಲೇ ಮಾಡ್ತೀನಿ. ರಾಜ್ಮಾದಲ್ಲೂ ಆಗುತ್ತೆ, ಆದರೆ ಕನಿಷ್ಠ ಹತ್ತು ನಿಮಿಷವಾದರೂ ಕೊತಕೊತ ಕುದಿಯಲೇಬೇಕು. ಅರೆಬೆಂದ ರಾಜ್ಮಾದಲ್ಲಿನ ಲೆಕ್ಟಿನ್ ಹೊಟ್ಟೆ ಕೆಡಿಸುತ್ತೆ. ಸೆಲರಿ ಸಿಗದಿದ್ದರೆ ಬಿಡಿ. ಅಜ್ಜಿ ಹಾಕುತ್ತಿದ್ದ ಪಾರ್ಮೆಜಾನ್ ಚೀಸಿನ ಸಿಪ್ಪೆಯನ್ನು ಸಸ್ಯಾಹಾರಿಗಳು ಬಿಡೋದೇ ಒಳ್ಳೇದು, ಆ ಚೀಸ್ ಮಾಡೋಕೆ ಕರುವಿನ ಹೊಟ್ಟೆಯ ರೆನೆಟ್ ಬಳಸ್ತಾರೆ.

ಈ ಸೆಮಿಸ್ಟರ್ ಶುರುವಿನಲ್ಲಿ ಈಶಾನ್ಯದಿಂದ ಬಂದ ಜೂನಿಯರ್ ಒಬ್ಬ ನಮ್ಮ ಕಾಲೇಜಿನ ಹಿಂದಿನ ಬೀದಿಗಳಲ್ಲಿ ರೂಮು ಹುಡುಕುತ್ತಿದ್ದ. ಬೋರ್ಡ್ ಯಾರೂ ಹಾಕಿರಲಿಲ್ಲ. ಆದರೆ ಅವನ ಮುಖ ನೋಡಿದ ಕೂಡಲೇ 'ಟು ಲೆಟ್' ಮನೆಗಳೆಲ್ಲ ಭರ್ತಿ ಆಗಿಬಿಡ್ತಿದ್ದವು. ನಮ್ಮ ಮನೆಯಲ್ಲಿ ಮೂರನೇ ಮಂಚಕ್ಕೆ ಜಾಗ ಇತ್ತು, ಮನೆ ಓನರ್ ಆಂಟಿ ಹತ್ತಿರ ಎರಡು ದಿನ ಮಾತಾಡಬೇಕಾಯ್ತು, ಒಪ್ಪಿದರು. ಅವನು ಬ್ಯಾಗ್ ಇಳಿಸಿದ ರಾತ್ರಿ ನಾನು ಮೂರು ಜನಕ್ಕಾಗುವಷ್ಟು ಅಲಸಂದೆ ನೆನೆಹಾಕಿದೆ. ಖಾರ ಸಾಲದು ಅಂತ ಅವನು ಊರಿಂದ ತಂದಿದ್ದ ಮೆಣಸಿನಕಾಯಿ ಎರಡು ಹಾಕಿದ. ಈಗ ಅದೂ ರೆಸಿಪಿಯಲ್ಲಿದೆ.