ಅಟ್ಟದ ಕಾಯಿ, ಮಂಡಿಯ ಖಾತೆ

ತಿಪಟೂರು ಸೀಮೆಯಲ್ಲಿ ಯಾರನ್ನಾದರೂ ನಿಲ್ಲಿಸಿ "ಕೊಬ್ಬರಿ ಕೊಟ್ರಾ ಗೌಡ್ರೇ?" ಎಂದು ಕೇಳಿ. "ಎಲ್ಲಿ ಬಂತು, ಇನ್ನೂ ಅಟ್ಟದಲ್ಲೇ ಅವೆ" ಅನ್ನುತ್ತಾರೆ. ಮರದಿಂದ ಇಳಿದ ಕಾಯಿ ಅಟ್ಟ ಹತ್ತಿದರೆ ಎಂಟು ಹತ್ತು ತಿಂಗಳು ಅಲ್ಲೇ ವಾಸ, ಕೆಲವೊಮ್ಮೆ ವರ್ಷವೇ ಆದೀತು. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದ ಹಾಗೆ ತೆಗೆದರೆ ಅದು ಉಂಡೆ ಕೊಬ್ಬರಿ. ಕೇರಳದವರು ಕಾಯಿ ಹೋಳು ಮಾಡಿ ಒಣಗಿಸಿ ಗಾಣಕ್ಕೆ ಕಳಿಸುತ್ತಾರೆ. ನಮ್ಮದು ತಿನ್ನುವ ಕೊಬ್ಬರಿ, ಉತ್ತರ ಭಾರತದ ಮದುವೆ, ಪೂಜೆ, ಸಿಹಿತಿಂಡಿಗೆ ಹೋಗುವಂಥದ್ದು.

ಈ ಕಾಯುವ ಕಾಲವೇ ನಮ್ಮ ಕಡೆಯ ಕೊಡುಕೊಳ್ಳುವಿಕೆಗೆಲ್ಲ ಬುಡ ಎಂದು ನನ್ನ ನಂಬಿಕೆ. ಅಟ್ಟದ ತುಂಬ ಆಸ್ತಿ ಇರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಮಗಳ ಮದುವೆ, ಬತ್ತಿದ ಬೋರ್‌ವೆಲ್, ತಾಯಿಯ ಆಸ್ಪತ್ರೆ ಖರ್ಚು ಕಾಯಿ ಒಣಗುವವರೆಗೆ ತಡೆದಾವೆಯೇ? ತುರುವೇಕೆರೆಯವನಾಗಲಿ, ಚಿಕ್ಕನಾಯಕನಹಳ್ಳಿ ಪಕ್ಕದ ಹುಳಿಯಾರಿನವನಾಗಲಿ, ಆಗ ಹೋಗುತ್ತಿದ್ದುದು ಮಂಡಿಗೆ. ಸಾಹುಕಾರರು ಪತ್ರ, ಜಾಮೀನು ಕೇಳುತ್ತಿರಲಿಲ್ಲ. ಅಪ್ಪ ಯಾರು, ತೋಟ ಎಲ್ಲಿ, ಅಟ್ಟದಲ್ಲಿ ಎಷ್ಟು ಸಾವಿರ ಕಾಯಿ, ಇಷ್ಟೇ ವಿಚಾರಣೆ. ಖಾತೆಯಲ್ಲಿ ಒಂದು ಸಾಲು ಬರೆದು ದುಡ್ಡು ಎಣಿಸುತ್ತಿದ್ದರು.

ಸಾಹುಕಾರರ ಹತ್ತಿರ ತಾನೆ ಅಷ್ಟು ದುಡ್ಡು ಎಲ್ಲಿತ್ತು? ರವಾನೆದಾರರು ಮಾಲು ಲಾರಿಗೆ ಹಾಕಿ ಉತ್ತರಕ್ಕೆ ಕಳಿಸಿದರೆ ಅಲ್ಲಿಂದ ಹಣ ತಿರುಗಿ ಬರುವುದಕ್ಕೆ ವಾರಗಳು ಹಿಡಿಯುತ್ತಿದ್ದವು. ಆ ಸಂದನ್ನು ಮುಚ್ಚುತ್ತಿದ್ದುದು ಪಕ್ಕದ ಅಂಗಡಿ. ಬೆಳಿಗ್ಗೆ ಕೈಗಡ ತಂದು ರೈತನಿಗೆ ಕೊಟ್ಟು, ಹದಿನೈದು ದಿನಕ್ಕೆ ತೀರಿಸುವುದು. ಅದರ ಮೇಲೆ ತಮ್ಮತಮ್ಮಲ್ಲೇ ನಡೆಸುವ ಚೀಟಿ, ತಿಂಗಳಿಗೊಬ್ಬರು ಎತ್ತಿಕೊಂಡು ಅಂಗಡಿಗೆ ಬಂಡವಾಳ ಹಾಕಿಕೊಳ್ಳುವುದು. ಬಣಜಿಗರಲ್ಲೂ ಆರ್ಯವೈಶ್ಯರಲ್ಲೂ ಇನ್ನೊಂದು ನಡತೆ ಇತ್ತು, ನನಗೆ ಅದರ ಮೇಲೆ ಬಹಳ ಗೌರವ. ವ್ಯಾಪಾರದಲ್ಲಿ ಸೋತವನ ಮಗನನ್ನು ನೆಂಟರೋ ಜೊತೆಗಾರರೋ ತಮ್ಮ ಗಲ್ಲಾದ ಪಕ್ಕ ಲೆಕ್ಕ ಬರೆಯಲು ಕೂರಿಸಿಕೊಳ್ಳುತ್ತಿದ್ದರು. ಹುಡುಗ ಮಾಲಿನ ಗುಣ ಕಲಿತು, ಊರೂರಿನ ರೈತರ ಮುಖ ಪರಿಚಯ ಮಾಡಿಕೊಂಡ ಮೇಲೆ ಅವನಿಗೊಂದು ಅಂಗಡಿ. ಮೊದಲ ಮಾಲು ಸಾಲದ ಮೇಲೆ, ಮೊದಲ ಗಿರಾಕಿ ಹಳೆಯ ಧಣಿಯ ಶಿಫಾರಸಿನ ಮೇಲೆ. ಅಪ್ಪ ಮುಳುಗಿದನೆಂಬ ಮಾತನ್ನು ಮಗನ ಎದುರು ಯಾರೂ ಎತ್ತುತ್ತಿರಲಿಲ್ಲ.

ಮದುವೆ ಮನೆಯ ಮುಯ್ಯಿ ಪುಸ್ತಕವೂ ಇದೇ ಕುಲದ್ದೇ. ಯಾರು ಎಷ್ಟು ಓದಿಸಿದರು ಎಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟಕ್ಕೆ ಒಂದಿಷ್ಟು ಸೇರಿಸಿ ತಿರುಗಿಸುವುದು. ಇದನ್ನು ಬರೀ ಲೆಕ್ಕಾಚಾರ ಎಂದು ಮೂಗು ಮುರಿಯುವವರಿದ್ದಾರೆ. ಬಡ ಮನೆಯಲ್ಲಿ ಮದುವೆ ಮುಗಿದ ರಾತ್ರಿ ಅಡುಗೆಯವರಿಗೂ ಶಾಮಿಯಾನದವರಿಗೂ ಆ ದುಡ್ಡಿನಲ್ಲೇ ಬಾಕಿ ತೀರಿಸುವುದನ್ನು ನೋಡಿದವರು ಹಾಗೆ ಅನ್ನಲಾರರು.

ವರ್ತಕರು ಕೂಡಿ ಎತ್ತುವುದು ಕನ್ನಡ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣದ ಉದ್ದಕ್ಕೂ ವ್ಯಾಪಾರ ಮಾಡಿದವರು. ಎತ್ತಿನ ಹೇರಿಗೆ ಇಷ್ಟು, ಅಡಕೆ ಮೆಣಸಿಗೆ ಇಷ್ಟು ಎಂದು ತಾವೇ ಗೊತ್ತುಮಾಡಿ ದೇವಸ್ಥಾನಕ್ಕೆ, ಧರ್ಮಕಾರ್ಯಕ್ಕೆ ಬಿಟ್ಟದ್ದು ಶಾಸನಗಳಲ್ಲಿದೆ. ಹಳೆಯ ಮಂಡಿಗಳ ಪಟ್ಟಿಯಲ್ಲಿ ಹಮಾಲಿ, ದಲಾಲಿ, ತೂಕದ ಜೊತೆ 'ಧರ್ಮ' ಎಂಬ ಬಾಬ್ತು ಕಾಣುತ್ತಿದ್ದುದು ಆ ದಾರಿಯದೇ ಇರಬೇಕು. ಒಬ್ಬನ ಜೇಬಿಗೆ ಭಾರವಾಗದ ಪುಡಿಗಾಸು, ವರ್ಷದ ಕೊನೆಗೆ ದೊಡ್ಡ ಗಂಟು.

ಹೀಗೆ ವ್ಯಾಪಾರದ ದುಡ್ಡು ಧರ್ಮಕ್ಕೆ ತಿರುಗಿ ಏನೇನು ಮಾಡಿತು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ತುರುವೇಕೆರೆಯ ಪಕ್ಕದ ತಾಲ್ಲೂಕು ಗುಬ್ಬಿ. ಅಲ್ಲಿ 1838ರಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದರು. ಮಕ್ಕಳಿರಲಿಲ್ಲ. ರೈಲು ನಿಲ್ದಾಣದ ಮಗ್ಗುಲಲ್ಲೇ ಪ್ರಯಾಣಿಕರಿಗೆ ಛತ್ರ ಕಟ್ಟಿಸಿದರು. 1903ರಲ್ಲಿ ಅದನ್ನು ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ಜೊತೆಗೆ ವೀರಶೈವ ಹುಡುಗರಿಗೆ ವಿದ್ಯಾರ್ಥಿನಿಲಯ. ಅರಸೀಕೆರೆ, ತಿಪಟೂರಿನ ಕಡೆಯಿಂದ ರೈಲಿನಲ್ಲಿ ಬಂದು ಇಳಿದ ಹಳ್ಳಿ ಹುಡುಗನಿಗೆ ಬೆಂಗಳೂರಿನಂಥ ಊರಿನಲ್ಲಿ ಮೊದಲ ರಾತ್ರಿ ಮಲಗಲು ಜಾಗವಿದೆ ಎಂಬುದು ಎಷ್ಟು ದೊಡ್ಡ ಧೈರ್ಯ! ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ್ದರ ಹಿಂದೆಯೂ ರೈತರ ರಾಗಿ, ತೆಂಗಿನಕಾಯಿ, ವರ್ತಕರ ಮೂಟೆಗಳಿವೆ. ತಿಪಟೂರಿನ ಕಾಲೇಜಿಗೆ ಪಲ್ಲಾಗಟ್ಟಿ ಅಡವಪ್ಪನವರ ಹೆಸರು. ಅದನ್ನು ನಡೆಸುವ ವಿದ್ಯಾಸಂಸ್ಥೆಗೆ ಕಲ್ಪತರುವಿನ ಹೆಸರು, ನಮ್ಮ ಮರದ್ದು.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವರ್ತಕನಿಗೆ ವರ್ತಕ ಕೊಟ್ಟ ಕೈಗಡ ಅವನನ್ನು ಎತ್ತಿತು. ಅದೇ ಖಾತೆ ರೈತನನ್ನು ಎಷ್ಟೋ ಸಲ ಕಟ್ಟಿಹಾಕಿತು. ಮುಂಗಡ ತಂದ ಮಂಡಿಗೇ ಮಾಲು ಹಾಕಬೇಕು, ಅವರು ಹೇಳಿದ ದಿನವೇ ಹಾಕಬೇಕು, ಸ್ಯಾಂಪಲ್ ಎಂದು ತೆಗೆದ ಉಂಡೆಗಳನ್ನು ಕೇಳುವ ಹಾಗಿಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದು ಕಡಿತಗಳಿಗೆ ಕಡಿವಾಣ ಹಾಕಿತು, ಈಗ ಇ-ಟೆಂಡರಿನಲ್ಲಿ ಬೆಲೆ ನಿಲ್ಲುತ್ತದೆ. ಆದರೂ 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದು, ರೈತರು ಬೀದಿಗಿಳಿಯಬೇಕಾಯಿತು. ಎರಡೇ ವರ್ಷಕ್ಕೆ ಬೆಲೆ 20,000 ದಾಟಿತು. ಆ ಏರಿಕೆ ಸಿಕ್ಕಿದ್ದು ಅಟ್ಟದಲ್ಲಿ ಕಾಯಿ ಇಟ್ಟುಕೊಂಡು ಕೂರುವ ತ್ರಾಣ ಇದ್ದವರಿಗೆ. ಸಾಲಕ್ಕೆ ಮೊದಲೇ ಮಾರಿದವರು ಸುಮ್ಮನೆ ನೋಡಿದರು.

ಅದಕ್ಕೇ ನಾನು ಹೇಳುವುದು, ಕೂಡಿ ಎತ್ತುವ ಈ ಜಾಣ್ಮೆ ಅಂಗಡಿ ಸಾಲಿನಿಂದ ಆಚೆಗೂ ಹೋಗಲಿ. ಅಟ್ಟದ ಕಾಯಿಯ ಮೇಲೆ ಸಹಕಾರ ಸಂಘಗಳು ಧಾರಾಳವಾಗಿ ಮುಂಗಡ ಕೊಡಲಿ, ಮಾರುವ ದಿನವನ್ನು ರೈತನೇ ಗೊತ್ತುಮಾಡಲಿ. ಬೆಳಗಿನಿಂದ ಬಗ್ಗಿ ಕೂತು ಚಿಪ್ಪು ಒಡೆದು ಉಂಡೆ ಬಿಡಿಸುವ ಹೆಂಗಸರ ಬೆರಳು ನೋಡಿದ್ದೀರಾ? ಯಾವ ಮಂಡಿಯ ಚೀಟಿಯಲ್ಲೂ ಅವರ ಹೆಸರಿಲ್ಲ. ಕ್ವಿಂಟಲಿಗೆ ಒಂದೆರಡು ರೂಪಾಯಿ, ಹಳೆಯ 'ಧರ್ಮ'ದ ಬಾಬ್ತಿನಷ್ಟೇ, ಈ ಸಲ ಕೊಳ್ಳುವವರ ಕಡೆಯಿಂದ ಎತ್ತಿಟ್ಟರೆ, ಅವರ ಮಕ್ಕಳ ಕಾಲೇಜು ಶುಲ್ಕಕ್ಕೆ, ಹೆರಿಗೆಗೆ, ಕೆಲಸವಿಲ್ಲದ ಮಳೆಗಾಲಕ್ಕೆ ಒಂದು ನಿಧಿಯಾಗುತ್ತದೆ. ವರ್ತಕರ ಸಂಘ, ಮಾರುಕಟ್ಟೆ ಸಮಿತಿ, ರೈತ ಸಂಘ ಮೂರೂ ಒಂದು ಸಂಜೆ ಕೂತರೆ ಇದರ ಲೆಕ್ಕ ಮುಗಿಯುತ್ತದೆ. ಕೂರಿಸುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.