ಬಾಗಿಲಲ್ಲಿ ತೂಗಿದ ಬೀಗ

ಭೌತಶಾಸ್ತ್ರಕ್ಕೂ ನನಗೂ ದೂರದ ನೆಂಟಸ್ತನವೂ ಇಲ್ಲ. ಬಿ.ಎ., ಬಿ.ಎಡ್. ಮಾಡಿ, ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ ಸಂಧಿ, ಸಮಾಸ ಹೇಳಿಕೊಡುತ್ತಾ ಬಂದವಳು ನಾನು. ಆದರೂ 2025ರ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂ ಗೇಜ್, ಮೀಟರ್ ಬ್ರಿಡ್ಜ್ ಎಂಬ ಮಾತುಗಳೇ ಓಡಾಡುತ್ತಿದ್ದವು. ಮಗಳ ಪಿಯುಸಿ ಪರೀಕ್ಷೆ ಮುಗಿದಿತ್ತು. ನೀಟ್ ಪರೀಕ್ಷೆಗೆ ಆರು ವಾರ ಉಳಿದಿತ್ತು.

2024ರಿಂದ ಆ ಪರೀಕ್ಷೆಯ ಭೌತಶಾಸ್ತ್ರದ ಪಠ್ಯಕ್ರಮದ ಕೊನೆಗೆ ಪ್ರಯೋಗಗಳದ್ದೇ ಒಂದು ಘಟಕ ಸೇರಿದೆ. ಅಲ್ಲಿ ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕು. ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಒಗ್ಗರಣೆ ಹಾಕುತ್ತಲೇ ಪುಸ್ತಕ ನೋಡಿಕೊಂಡು ಪ್ರಶ್ನೆ ಕೇಳುವುದು ನನ್ನ ಪಾಲಿನ ಕೆಲಸ.

"ವರ್ನಿಯರ್‌ನ ಕನಿಷ್ಠ ಅಳತೆ ಎಷ್ಟೇ?"

"0.01 ಸೆಂಟಿಮೀಟರ್ ಅಮ್ಮಾ. ಮುಖ್ಯ ಸ್ಕೇಲಿನ 9 ಮಿಲಿಮೀಟರಿನಲ್ಲಿ ವರ್ನಿಯರ್‌ನ 10 ಮನೆ ಇರುತ್ತೆ."

"ಕೈಯಲ್ಲಿ ಹಿಡಿದರೆ ಭಾರವಿರುತ್ತೇನೇ?"

ಸುಮ್ಮನೆ ತಮಾಷೆಗೆ ಕೇಳಿದ್ದು. ಅವಳು ಉತ್ತರ ಕೊಡಲಿಲ್ಲ. ಆಮೇಲೆ ಮೆಲ್ಲಗೆ, "ಹತ್ತು ಹನ್ನೆರಡು ಜನಕ್ಕೆ ಒಂದು ಇತ್ತು. ನನ್ನ ಕೈಗೆ ಸರಿಯಾಗಿ ಬರಲೇ ಇಲ್ಲ" ಎಂದಳು.

"ಮತ್ತೆ ರೆಕಾರ್ಡಿನಲ್ಲಿ ಎಲ್ಲಾ ಬರೆದಿದ್ದೀಯಲ್ಲ?"

"ಸೀನಿಯರ್ ಅಕ್ಕನದು ನೋಡಿ ಬರೆದೆ. ಚಿತ್ರಗಳನ್ನು ನೀನೇ ಹಾಕಿಕೊಟ್ಟೆಯಲ್ಲ!"

ಹೌದು, ನಾನೇ. ಕೋಚಿಂಗಿಗೆ ಹೊತ್ತಾಗುತ್ತದೆ, ರೆಕಾರ್ಡಿಗೆಲ್ಲ ಯಾಕೆ ಸಮಯ ಹಾಳು ಎಂದು ರಾತ್ರಿ ಕುಳಿತು ಪೆನ್ಸಿಲಿನಲ್ಲಿ ನೀಟಾಗಿ ಬರೆದುಕೊಟ್ಟವಳು ನಾನೇ. ನನ್ನ ಶಾಲೆಯ ಮಕ್ಕಳು ಗೈಡ್ ನೋಡಿ ಬರೆದು ತಂದರೆ ಬೆಂಚಿನ ಮೇಲೆ ನಿಲ್ಲಿಸುವವಳು!

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಮಾತು. 1986ರಲ್ಲಿ ಎಸ್ಸೆಸ್ಸೆಲ್ಸಿ ಆದಾಗ ನನಗೂ ವಿಜ್ಞಾನ ಓದುವ ಆಸೆಯಿತ್ತು. ಪ್ರಾಯೋಗಿಕ ತರಗತಿ ಮುಗಿಯುವಾಗ ಸಂಜೆ ಐದಾಗುತ್ತದೆ, ನಮ್ಮೂರಿನ ಕೊನೆಯ ಬಸ್ಸು ನಾಲ್ಕೂವರೆಗೆ ಎಂದು ಅಪ್ಪ ಕಲಾ ವಿಭಾಗಕ್ಕೆ ಸೇರಿಸಿದರು. ಪ್ರಯೋಗಾಲಯದ ಬಾಗಿಲು ನನಗೆ ಬಸ್ಸಿನಿಂದ ಮುಚ್ಚಿತು. ಮಗಳಿಗೆ ಅದು ತೆರೆದೇ ಇದ್ದಾಗ, ಒಳಗೆ ಹೋಗುವ ಅಗತ್ಯವಿಲ್ಲವೆಂದು ಹೇಳಿದವಳು ನಾನಾದೆ.

ಅವತ್ತು ಸಂಜೆ ಹಿತ್ತಿಲ ಬಾಗಿಲಿನ ಬೀಗ ತಂದು, ದಾರ ಕಟ್ಟಿ, ನಡುಮನೆಯ ಬಾಗಿಲಿಗೆ ತೋರಣ ಕಟ್ಟುವ ಮೊಳೆಗೆ ನೇತುಹಾಕಿದೆ. "ಇದೇ ನಿನ್ನ ಸರಳ ಲೋಲಕ. ನೀನು ಮಾಡು, ನಾನು ನೋಡುತ್ತೇನೆ" ಎಂದೆ. ಮೊಳೆಯಿಂದ ಬೀಗದ ಮಧ್ಯದವರೆಗೆ ಅಳೆದಳು, 99 ಸೆಂಟಿಮೀಟರ್. ಬೀಗವನ್ನು ಸ್ವಲ್ಪವೇ ಎಳೆದು ಬಿಟ್ಟು, 20 ಆಂದೋಲನ ಎಣಿಸಿದಳು. ಮೊಬೈಲಿನ ಗಡಿಯಾರದಲ್ಲಿ 37.9 ಸೆಕೆಂಡು. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 10.9 ಬಂತು. ಬರಬೇಕಾದದ್ದು 9.8.

"ಪುಸ್ತಕದಲ್ಲಿ 9.8 ಅಂತ ಇದೆಯಲ್ಲ, ಅದನ್ನೇ ಬರೆದುಕೊಂಡರಾಯಿತು" ಎಂದಳು, ಅಭ್ಯಾಸಬಲದಿಂದ.

"ಹಾಗಾದರೆ ಬೀಗ ತೂಗಿದ್ದು ಯಾಕೆ?" ಎಂದೆ.

ಮತ್ತೆ ತೂಗಿದಳು. ಈ ಸಲ ನಾನೂ ಎಣಿಸಿದೆ. ತಪ್ಪು ಸಿಕ್ಕಿತು. ಬೀಗ ಬಿಟ್ಟ ಕೂಡಲೇ ಅವಳು "ಒಂದು" ಎನ್ನುತ್ತಿದ್ದಳು. ಆಗಿನ್ನೂ ಒಂದು ಆಂದೋಲನವೂ ಆಗಿರುವುದಿಲ್ಲ, "ಸೊನ್ನೆ" ಎನ್ನಬೇಕು. ಅವಳ ಇಪ್ಪತ್ತು ನಿಜವಾಗಿ ಹತ್ತೊಂಬತ್ತಾಗಿತ್ತು. ಸರಿಯಾಗಿ ಎಣಿಸಿದಾಗ 39.9 ಸೆಕೆಂಡು, ಉತ್ತರ 9.8. ಒಂದೇ ಆಂದೋಲನ ಅಳೆಯದೆ ಇಪ್ಪತ್ತು ಯಾಕೆ ಎಂಬುದೂ ಅವಳಿಗೇ ಹೊಳೆಯಿತು: ಬೆರಳು ಒತ್ತುವಾಗ ಆಗುವ ತಡ ಇಪ್ಪತ್ತರಲ್ಲಿ ಹಂಚಿಹೋಗುತ್ತದೆ. ಅವಳ ಮುಖದಲ್ಲಿ ಬಂದ ನಗು ಯಾವ ಅಣಕು ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಜೂನ್‌ನಲ್ಲಿ ಫಲಿತಾಂಶ ಬಂತು. ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಅಂಕ ಸಾಲಲಿಲ್ಲ. ಎರಡು ದಿನ ಅತ್ತಳು, ನಾನೂ ಅತ್ತೆ. ಆಮೇಲೆ ಬಿ.ಎಸ್ಸಿ.ಗೆ ಸೇರಿ ಹಾಸ್ಟೆಲಿಗೆ ಹೋದಳು. ಮೊದಲ ಪ್ರಾಯೋಗಿಕ ತರಗತಿಯ ಸಂಜೆ ಅವಳ ಫೋನು ಬಂತು.

"ಅಮ್ಮಾ, ಇವತ್ತು ಲೋಲಕ ಕೊಟ್ಟಿದ್ದರು. ನಮ್ಮ ಗುಂಪಿನವರೆಲ್ಲ ಒಂದರಿಂದಲೇ ಎಣಿಸಿದರು!"